ಮೇಜಿಗೆ ತಗಡು ಹೊದಿಸಿದ್ದು

ಮರದ ಮೇಜಿಗೆ ತಗಡು ಹೊದಿಸಿ ಫ್ಯಾಕ್ಟರಿ ಲುಕ್ ಕೊಡುವುದು ಈಗ ಕೆಫೆಗಳಲ್ಲಿ ಜಾಸ್ತಿ. ಮಗಳಿಗೂ ಅಂಥದ್ದೇ ಓದುವ ಮೇಜು ಬೇಕಾಗಿತ್ತು. ಮನೆಯಲ್ಲಿ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಹಳೇ ಮೇಜೊಂದಿತ್ತು. ಕಾಲುಗಳು ಗಟ್ಟಿಯಾಗಿದ್ದವು. ಮೇಲಿನ ಹಲಗೆ ಮಾತ್ರ ಬಿಸಿ ಪಾತ್ರೆ ಇಟ್ಟೂ ಇಟ್ಟೂ ಕಪ್ಪಾಗಿತ್ತು. ಒಳ್ಳೆಯ ತೇಗವಾಗಿದ್ದರೆ ಖಂಡಿತ ಮುಚ್ಚುತ್ತಿರಲಿಲ್ಲ, ಉಜ್ಜಿ ಪಾಲಿಶ್ ಮಾಡಿಸುತ್ತಿದ್ದೆ.

ಈ ಕೆಲಸ ಯಾರಿಗೆ ಚೆನ್ನಾಗಿ ಗೊತ್ತು ಅಂತ ಯೋಚಿಸಿದಾಗ ಹೊಳೆದದ್ದು ಟ್ರಂಕ್ ಮಾಡುವವರು. ದೇವಸ್ಥಾನದ ಬಾಗಿಲಿಗೆ ಹಿತ್ತಾಳೆ ತಗಡು ಬಡಿಯುವುದು, ಹಳೇ ಅಂಗಡಿಯ ಗಲ್ಲಾ ಮೇಜಿಗೆ ತಗಡು ಹೊದಿಸುವುದು ನಮ್ಮಲ್ಲಿ ಮೊದಲಿಂದಲೂ ಇದ್ದದ್ದೇ ಅಲ್ವಾ? ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ 24 ಗೇಜಿನ (ಗೇಜ್ ಅಂದರೆ ದಪ್ಪದ ಅಳತೆ) ಜಿಐ ಶೀಟ್, ಅಂದರೆ ಸತು ಲೇಪಿಸಿದ ತಗಡು ಕತ್ತರಿಸಿಕೊಂಡು, ಸಿಟಿ ಮಾರ್ಕೆಟ್ ಕಡೆಯ ಟ್ರಂಕ್ ಮಾಡುವ ಒಬ್ಬ ಹಿರಿಯರನ್ನು ಮನೆಗೆ ಕರೆದುಕೊಂಡು ಬಂದೆ. ಅಷ್ಟು ತೆಳುವಿದ್ದರೆ ಮೆಷಿನ್ ಇಲ್ಲದೆ ಕೈಯಲ್ಲೇ ಮಡಚಬಹುದು. ಹಲಗೆಯ ದಪ್ಪ ಒಂದು ಇಂಚು. ಅದನ್ನು ಸುತ್ತಿ ಕೆಳಗೆ ಅರ್ಧ ಇಂಚು ಒಳಗೆ ಹೋಗಬೇಕು. ಹಾಗಾಗಿ ಪ್ರತಿ ಬದಿಗೂ ಒಂದೂವರೆ ಇಂಚು ಜಾಸ್ತಿ.

ಅವರು ಬಂದವರೇ ಮೇಜನ್ನು ಬೋರಲು ಹಾಕಿಸಿದರು. “ಮೊದಲು ಕೆಳಗಡೆ ವಾರ್ನಿಶ್ ಹೊಡೀರಿ ಸಾರ್” ಅಂದರು. ಮೇಲೆ ತಗಡು ಬಿದ್ದ ಮೇಲೆ ಮಳೆಗಾಲದ ತೇವ ಕೆಳಗಿನಿಂದ ಮಾತ್ರ ಒಳಗೆ ಹೋಗುತ್ತದೆ. ಒಂದೇ ಕಡೆ ಉಬ್ಬಿದ ಹಲಗೆ ಬಾಗುತ್ತದೆ, ತಗಡಿನ ಅಂಚನ್ನೂ ಎಬ್ಬಿಸುತ್ತದೆ. ವಾರ್ನಿಶ್ ಒಣಗಲಿ ಅಂತ ಉಳಿದ ಕೆಲಸ ಮಾರನೇ ದಿನಕ್ಕೆ ಹೋಯಿತು.

ತಗಡಿನ ಎಣ್ಣೆ ಪಸೆಯನ್ನು ಥಿನ್ನರ್‌ನಲ್ಲಿ ಒರೆಸಿ, ಹಿಂಬದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿದೆವು. ರಬ್ಬರ್ ಅಂಟನ್ನು ಮರಕ್ಕೂ ತಗಡಿಗೂ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಬಿಟ್ಟೆವು. ಈ ಅಂಟು ಒಂದು ಸಲ ಕಚ್ಚಿದರೆ ಮುಗಿಯಿತು, ಆಮೇಲೆ ಸರಿಸಲು ಆಗುವುದಿಲ್ಲ. ಅದಕ್ಕೆ ಮರ, ತಗಡುಗಳ ನಡುವೆ ಮರದ ರೀಪರ್ ಪಟ್ಟಿಗಳನ್ನು ಅಡ್ಡ ಇಟ್ಟು, ಅಳತೆ ಸರಿ ಕೂತ ಮೇಲೆ ಮಧ್ಯದಿಂದ ಒಂದೊಂದಾಗಿ ಎಳೆಯುತ್ತಾ ಒತ್ತಿಕೊಂಡು ಬಂದರು.

ಮೂಲೆಯ ಕೆಲಸ ನೋಡಬೇಕಿತ್ತು! ನಾನು ಮೂಲೆಯನ್ನು ಚೌಕಕ್ಕೆ ಕತ್ತರಿಸಿಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಉದ್ದ ಬದಿಯ ತಗಡಿನ ತುದಿಯಲ್ಲಿ ಬೆರಳುಗುರಿನಷ್ಟು ತಗಡನ್ನು ಕಿವಿಯ ಹಾಗೆ ಉಳಿಸಿಕೊಂಡರು. ಮರದ ಕೊಡತಿಯಲ್ಲಿ ಆ ಬದಿಯನ್ನು ತಟ್ಟಿ ಇಳಿಸಿ, ಕಿವಿಯನ್ನು ಮೂಲೆ ಸುತ್ತಿ ಮಲಗಿಸಿ, ಅದರ ಮೇಲೆ ಅಡ್ಡ ಬದಿಯನ್ನು ಇಳಿಸಿದರು. ಹೊರಗೆ ಕಾಣುವುದು ಒಂದು ನೇರ ಗೆರೆ ಮಾತ್ರ. ಕತ್ತರಿಸಿದ ಅಂಚು ಎಲ್ಲೂ ಎದ್ದು ನಿಂತಿಲ್ಲ. ಆಮೇಲೆ ಕೆಳಗೆ ಮಡಚಿದ ಭಾಗಕ್ಕೆ ಸಣ್ಣ ಮೊಳೆ ಹೊಡೆದು, ಮೂಲೆಗೆ ಅರ ಆಡಿಸಿ, ನನ್ನ ಹೆಬ್ಬೆರಳನ್ನೇ ಹಿಡಿದು ಅಂಚಿನುದ್ದಕ್ಕೂ ಸವರಿಸಿದರು. “ಮಗು ಕೂತ್ಕೊಂಡು ಓದೋ ಜಾಗ ಸಾರ್, ಕೈ ಕುಯ್ಯಬಾರದು.” ಈ ಕೈಚಳಕಕ್ಕೆ ಅವರು ಕೇಳಿದ ಕೂಲಿ ನನಗೆ ತೀರಾ ಕಮ್ಮಿ ಅನಿಸಿತು. ಜಾಸ್ತಿಯೇ ಕೊಟ್ಟೆ.

ಹೊಸ ಜಿಐ ತುಂಬಾ ಹೊಳೆಯುತ್ತದೆ. ಮಗಳು ವಿನಿಗರ್ ಅದ್ದಿದ ಬಟ್ಟೆಯಲ್ಲಿ ಒರೆಸಿದಳು. ಮೇಲಿನ ಸತುವಿನ ಲೇಪ ಹುಳಿಗೆ ಬೂದು ಬಣ್ಣಕ್ಕೆ ತಿರುಗಿತು. ಚೆನ್ನಾಗಿ ತೊಳೆದು, ಒಣಗಿಸಿ, ಮೇಣ ಹಚ್ಚಿದೆವು. ನಿಂಬೆಹಣ್ಣು, ಹುಣಸೆ, ಮೊಸರು ಬಿದ್ದರೂ ಹೀಗೇ ಕಲೆ ಆಗುತ್ತದೆ. ಓದುವ ಮೇಜಿಗೆ ಅದು ತೊಂದರೆಯಲ್ಲ. ಊಟದ ಮೇಜಿಗೆ ಮಾತ್ರ ನಾನು ಜಿಐ ಒಪ್ಪುವುದಿಲ್ಲ. ಈಗ ಅಡುಗೆಮನೆಯ ಚಿಕ್ಕ ಮೇಜಿಗೂ ಹೊದಿಸಬೇಕು ಅಂತ ಮನೆಯವಳ ಆಸೆ. ಅದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿ ಅಂತ ಹೇಳಿ, ಆ ಹಿರಿಯರಿಗೇ ಅಳತೆ ಕೊಟ್ಟು ಬಂದಿದ್ದೇನೆ.