ಹಿಂದಿನ ಶಾಕ್ ಮೇಲಿನ ರಬ್ಬರ್ ಉಂಗುರ

ಇವತ್ತು ಗೆಳೆಯನ ಫುಲ್ ಸಸ್ಪೆನ್ಷನ್ (ಮುಂದೆ, ಹಿಂದೆ ಎರಡೂ ಕಡೆ ಏಟು ಹೀರೋ ವ್ಯವಸ್ಥೆ ಇರೋ) ಸೈಕಲ್ ಹತ್ತಿ ಸುಮ್ಮನೆ ಕೂತೆ.
ಇಳಿದು ನೋಡಿದ್ರೆ, ಹಿಂದಿನ ಶಾಕ್‌ಗೆ (ಏಟು ಹೀರೋ ಕೊಳವೆಗೆ) ಸುತ್ತಿದ್ದ ಪುಟ್ಟ ರಬ್ಬರ್ ಉಂಗುರ ಜಾಗ ಬಿಟ್ಟು ಸರಿದಿತ್ತು.
"ಅದು ನಿನ್ನ ತೂಕ ಕಣೋ" ಅಂದ.

ಶಾಕ್ ಎಷ್ಟು ತಗ್ಗಿತು ಅಂತ ಆ ಉಂಗುರ ತೋರಿಸತ್ತೆ. ಸವಾರ ಕೂತಾಗ ಶಾಕ್ ತನ್ನ ಓಟದ (ಒಟ್ಟು ಕುಗ್ಗಬಲ್ಲ ದೂರದ) ಸಾಮಾನ್ಯವಾಗಿ ಶೇಕಡಾ 25-30ರಷ್ಟು ತಗ್ಗಬೇಕು. ಜಾಸ್ತಿ ತಗ್ಗಿದ್ರೆ ಶಾಕ್‌ಗೆ ಗಾಳಿ ತುಂಬಬೇಕು, ಕಡಿಮೆಯಾದ್ರೆ ಬಿಡಬೇಕು. ಯಾಕೆ ತಗ್ಗಬೇಕು? ಕಲ್ಲು ಬಂದಾಗ ಚಕ್ರ ಮೇಲೇಳೋದಷ್ಟೇ ಸಾಲದು, ಗುಂಡಿ ಬಂದಾಗ ಕೆಳಗೂ ಇಳೀಬೇಕು. ಟೈರು ನೆಲ ಬಿಡಬಾರದು. ಎಷ್ಟು ಚೆಂದದ ಲೆಕ್ಕ!

ನನ್ನದು ಹಾರ್ಡ್‌ಟೇಲ್. ಮುಂದೆ ಮಾತ್ರ ಸಸ್ಪೆನ್ಷನ್. ಬೆಂಗಳೂರಿನ ತುರಹಳ್ಳಿಯ ಬಂಡೆ ಇಳಿಯುವಾಗ ಸೀಟಿಂದ ಎದ್ದು, ಮಂಡಿ ಬಗ್ಗಿಸಿ, ಹಿಂದಿನ ಏಟನ್ನೆಲ್ಲ ಕಾಲಲ್ಲೇ ತಗೋಬೇಕು. ಯಾವ ಕಲ್ಲು ಬಿಡಬೇಕು, ಯಾವುದನ್ನ ಹತ್ತಿಸಬೇಕು ಅಂತ ಕಣ್ಣಿಗೆ ತಾನಾಗೇ ಅಭ್ಯಾಸ ಆಗತ್ತೆ.

ಗೆಳೆಯನ ತಮ್ಮ ಮೊದಲ ಸೈಕಲ್ ಕೊಳ್ಳೋಕೆ ಹೊರಟಿದಾನೆ. ಹಾರ್ಡ್‌ಟೇಲ್ ತಗೋ ಅಂದೆ. ಅದೇ ದುಡ್ಡಿಗೆ ಒಳ್ಳೆ ಫೋರ್ಕು (ಮುಂದಿನ ಸಸ್ಪೆನ್ಷನ್), ಒಳ್ಳೆ ಬ್ರೇಕು ಬರತ್ತೆ. ತೂಕ ಕಮ್ಮಿ. ಮಳೆಗಾಲದ ಕೆಸರಲ್ಲಿ ಹಿಂದಿನ ಕೀಲುಗಳ ಬೇರಿಂಗ್ ಚಿಂತೆ ಇರಲ್ಲ.

ಆದ್ರೆ ಸೊಂಟ ನೋವಿರೋರು, ದಿನವಿಡೀ ಕಲ್ಲುದಾರಿ ಇಳಿಯೋರು ಫುಲ್ ಸಸ್ಪೆನ್ಷನ್ನೇ ತಗೊಳ್ಳಿ. ದೇಹಕ್ಕೆ ಬೀಳೋ ಪೆಟ್ಟು ನಿಜವಾಗ್ಲೂ ಕಮ್ಮಿಯಾಗತ್ತೆ.

ತಮ್ಮ ಇನ್ನೂ ಯೋಚಿಸ್ತಿದಾನೆ. ಭಾನುವಾರ ಎರಡನ್ನೂ ಒಂದೇ ಇಳಿಜಾರಲ್ಲಿ ಓಡಿಸಿ ನೋಡ್ಲಿ ಅಂತ ಕರೆದಿದೀನಿ.