ಕೊಕೊ ಕೆಲಸ ಮಾಡಿದ ಮೈದಾನ ಹುಡುಕಿಕೊಂಡು

ಪ್ಯಾರಿಸ್‌ನಿಂದ ನಾಂತ್‌ಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಇಲ್ಲಿಗೆ ಬಂದವರು ಹನ್ನೆರಡು ಮೀಟರ್ ಎತ್ತರದ ಯಂತ್ರದ ಆನೆ ನೋಡದೆ ಹೋಗುವುದಿಲ್ಲ. ನಾನೂ ನೋಡಿದೆ. ದಸರಾ ಆನೆ ಕಂಡ ಕಣ್ಣಿಗೆ ಅದೇನು ಮಹಾ ಅನಿಸಿತು, ಬಿಡಿ.

ನಾನು ಬಂದಿದ್ದು ಜಾಂ-ಕ್ಲೋದ್ ಸ್ವೋದೊ ಎಂಬ ಫುಟ್‌ಬಾಲ್ ಮಿಡ್‌ಫೀಲ್ಡರ್‌ಗಾಗಿ. ಊರವರಿಗೆ ಆತ 'ಕೊಕೊ'. 1965 ಮತ್ತು 1966ರಲ್ಲಿ ನಾಂತ್ ಕ್ಲಬ್ ಫ್ರಾನ್ಸ್ ಚಾಂಪಿಯನ್ ಆದಾಗ ತಂಡದಲ್ಲಿದ್ದವರು. ಆಗ ಕೋಚ್ ಹೊಸೆ ಅರಿಬಾಸ್, ಸ್ಪೇನಿನ ಯುದ್ಧದಿಂದ ತಪ್ಪಿಸಿಕೊಂಡು ಬಂದ ಬಾಸ್ಕ್ ಪ್ರದೇಶದ ಮನುಷ್ಯ. ಚೆಂಡು ಬೇಗ ಕೊಡು, ಕೊಟ್ಟ ಮೇಲೆ ನಿಲ್ಲಬೇಡ, ಓಡು. ಅವರಿಂದ ಕಲಿತ ಈ ಆಟವನ್ನು ಸ್ವೋದೊ ಆಟ ಬಿಟ್ಟ ಮೇಲೆ ಹುಡುಗರಿಗೆ ಕಲಿಸಲು ನಿಂತರು. 1982ರಲ್ಲಿ ಮುಖ್ಯ ತಂಡ ಕೈಗೆ ಬಂತು, ಮರುವರ್ಷವೇ ಪ್ರಶಸ್ತಿ. ಆದರೂ ಅವರ ಅಸಲಿ ಕೆಲಸ ಹುಡುಗರ ಜೊತೆಗಿನದ್ದೇ ಅಂತ ನನ್ನ ಲೆಕ್ಕ.

ಸ್ಟೇಷನ್ನಿನಿಂದ ಟ್ರ್ಯಾಮ್-ರೈಲು ಹತ್ತಿದೆ. ಮಾತಾಡುತ್ತಾ ಕೂತು ಒಂದು ಸ್ಟಾಪ್ ಮುಂದೆ ಹೋಗಿಬಿಟ್ಟೆ, ವಾಪಸ್ ನಡೆದು ಬಂದೆ. ಎರ್ದ್ರ ನದಿ ಪಕ್ಕದಲ್ಲಿ ಮರಗಳ ನಡುವೆ ಲಾ ಜೋನೆಲಿಯೇರ್, 1978ರಿಂದ ಕ್ಲಬ್ಬಿನ ತರಬೇತಿ ಕೇಂದ್ರ. ಕೇಂದ್ರಕ್ಕೆ ಇಟ್ಟ ಹೆಸರು ಅರಿಬಾಸ್ ಅವರದ್ದೇ. ದಿದಿಯೆ ದೆಶಾಂ ಹದಿಹರೆಯದಲ್ಲಿ ಬಯೋನ್‌ನಿಂದ ಇಲ್ಲಿಗೆ ಬಂದ. ಮಾರ್ಸೆಲ್ ದೆಸಾಯಿ ಕೂಡ ಇಲ್ಲಿಯ ಹುಡುಗ. 1998ರ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದಲ್ಲಿ ಇಬ್ಬರೂ ಇದ್ದರು.

1994-95ರಲ್ಲಿ ಇಲ್ಲಿ ಬೆಳೆದ ಹುಡುಗರನ್ನೇ ಜಾಸ್ತಿ ಇಟ್ಟುಕೊಂಡು ಸ್ವೋದೊ ಫ್ರಾನ್ಸಿನ ಲೀಗ್ ಗೆದ್ದರು. ಸತತ 32 ಪಂದ್ಯ ಸೋಲಿಲ್ಲ! ಇಡೀ ಲೀಗಿನಲ್ಲಿ ಸೋತಿದ್ದು ಒಂದೇ ಒಂದು, ಸ್ಟ್ರಾಸ್‌ಬರ್ಗ್‌ನಲ್ಲಿ. ಆಮೇಲೆ ಆ ತಂಡದ ಕರಂಬೂ, ಲೊಕೊ ಬೇರೆ ಕ್ಲಬ್ ಸೇರಿದರು. ಆದರೂ 1996ರಲ್ಲಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿ, ಇಟಲಿಯ ಯುವೆಂಟಸ್ ಎದುರು ಎರಡು ಪಂದ್ಯ ಸೇರಿ ಒಟ್ಟು 4-3ರಲ್ಲಿ ಸೋತರು. ಆ ಹೊತ್ತಿಗೆ ದೆಶಾಂ ಯುವೆಂಟಸ್ ಆಟಗಾರ. ಸಾಕಿದ ಮನೆಯ ಹುಡುಗನೇ ಎದುರು ಪಾಳೆಯದಲ್ಲಿ, ಹೇಗಿರಬೇಕು ಅಲ್ವಾ?

ಒಳಗೆ ಬಿಡಲಿಲ್ಲ. ಬೇಲಿ ಆಚೆಯಿಂದಲೇ ಸುಮ್ನೆ ನೋಡುತ್ತಾ ನಿಂತೆ. ಹಳದಿ ಅಂಗಿಯ ಪುಟ್ಟ ಹುಡುಗನೊಬ್ಬ ಪಾಸ್ ಕೊಟ್ಟು, ಚೆಂಡು ಹೋದ ದಾರಿ ನೋಡುತ್ತಾ ಅಲ್ಲೇ ನಿಂತ. ಬದಿಯಿಂದ ಜೋರಾಗಿ ಒಂದು ಕೂಗು ಬಂತು. ನನಗೆ ಫ್ರೆಂಚ್ ಬಾರದು. ಹುಡುಗ ಮಾತ್ರ ಓಡಿದ.