ಕಾಸರಗೋಡಿನಿಂದ ಕಸ್ತೂರ್ಬಾ ರಸ್ತೆಗೆ: ಹೊಸ ಕಲಾ ಪ್ರದರ್ಶನ ನೋಡಲು ಹೊರಡುವವರಿಗೆ

ಬೆಂಗಳೂರಿನ ಮ್ಯಾಪ್‌ನಲ್ಲಿ, ಅಂದರೆ ಕಸ್ತೂರ್ಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಲ್ಲಿ, ಹೊಸ ಪ್ರದರ್ಶನ ಶುರುವಾಗುತ್ತದೆ ಅಂತ ಗೊತ್ತಾದ ಕೂಡಲೇ ನಮ್ಮ ಕಡೆಯವರು ಹಾಕುವ ಲೆಕ್ಕ ಒಂದೇ. ಭಾನುವಾರ ಮದುವೆ, ಪೂಜೆ ಎಲ್ಲ ಮುಗಿಸಿ ರಾತ್ರಿ ಹೊರಟರೆ ಸೋಮವಾರ ಬೆಳಗ್ಗೆ ಬೆಂಗಳೂರು. ಹಾಗೆ ಮಾಡಬೇಡಿ. ಸೋಮವಾರ ಮ್ಯಾಪ್‌ಗೂ ರಜೆ, ಅರಮನೆ ರಸ್ತೆಯ ಎನ್‌ಜಿಎಂಎಗೂ (ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್) ರಜೆ. ಶುಕ್ರವಾರ ಸಂಜೆ ಹೊರಟು ಶನಿವಾರ, ಭಾನುವಾರ ಅಲ್ಲಿದ್ದು ಬನ್ನಿ.

ನಾವು ಹೋದದ್ದು ಕಣ್ಣೂರು–ಬೆಂಗಳೂರು ರೈಲಿನಲ್ಲಿ. ಸಂಜೆ ಕಾಸರಗೋಡಿನಲ್ಲಿ ಹತ್ತಿದರೆ ಮಂಗಳೂರು, ಸುಬ್ರಹ್ಮಣ್ಯ, ಹಾಸನ ದಾಟಿ ಬೆಳಗ್ಗೆ ಇಳಿಯಬಹುದು. ಘಾಟಿ ಬರುವಾಗ ನಟ್ಟಿರುಳು, ಕಿಟಕಿಯಲ್ಲಿ ಎಂತದೂ ಕಾಣುವುದಿಲ್ಲ. ಸ್ಟೇಷನ್ ಪಕ್ಕದಲ್ಲೇ ನೇರಳೆ ಮಾರ್ಗದ ಮೆಟ್ರೋ ಇದೆ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆಯಿರಿ. ಆಟೋ ಚೌಕಾಸಿಯ ತಲೆನೋವೇ ಬೇಡ. ಅಷ್ಟು ಬೇಗ ಯಾವ ಗ್ಯಾಲರಿಯೂ ತೆರೆದಿರುವುದಿಲ್ಲ. ಮೆಜೆಸ್ಟಿಕ್ ಹತ್ತಿರ ಲಾಡ್ಜ್ ಹಿಡಿದು ಮಿಂದು, ತಿಂಡಿ ತಿಂದು ನಿಧಾನಕ್ಕೆ ಹೋದರೆ ಸಾಕು.

ನನ್ನ ಜೊತೆ ಇದ್ದದ್ದು ಸೋದರಮಾವ, ಮತ್ತೆ ಚಿತ್ರಕಲೆ ಕಲಿಯುವ ಅಕ್ಕನ ಮಗ. ಕಟ್ಟಡದ ಮುಂದೆ ನಿಂತು ಮಾವ ಮೊದಲು ಕೇಳಿದ್ದು, "ಇದೆಂತದು ಮಾರಾಯ, ನೀರಿನ ಟಾಂಕಿಯಾ?" ಅಕ್ಕನ ಮಗನಿಗೆ ಮುಜುಗರ. ಆದರೆ ಮಾವ ಹೇಳಿದ್ದು ಸರಿಯೇ. ಹೊರಗೋಡೆಗೆ ಹೊದಿಸಿದ ಸ್ಟೀಲ್ ಹಲಗೆಗಳ ಮೇಲೆ ಒಂದನ್ನೊಂದು ಕತ್ತರಿಸುವ ಗೆರೆ ಒತ್ತಿದ್ದಾರೆ, ಹಳೇ ಕಬ್ಬಿಣದ ನೀರಿನ ಟಾಂಕಿಗಳ ನೆನಪಲ್ಲೇ ವಾಸ್ತುಶಿಲ್ಪಿಗಳು ಅದನ್ನು ಮಾಡಿದ್ದು.

ಐದು ಮಹಡಿಯ ಈ ಮ್ಯೂಸಿಯಂ ಜನರಿಗೆ ತೆರೆದದ್ದು 2023ರ ಫೆಬ್ರವರಿಯಲ್ಲಿ. ಆಗ ಇಟ್ಟ ಪ್ರದರ್ಶನಗಳಲ್ಲಿ ಒಂದು ಜ್ಯೋತಿ ಭಟ್ಟರ ಫೋಟೋಗಳದ್ದು. ಇನ್ನೊಂದು ನಮ್ಮ ಕರಾವಳಿಯವರೇ ಆದ, ಕುಂದಾಪುರ ಕಡೆಯ ಶಿಲ್ಪಿ ಎಲ್.ಎನ್. ತಲ್ಲೂರ್ ಅವರ 'ಚಿರಾಗ್-ಎ-ಎಐ'. ಇಲ್ಲಿ ಪ್ರದರ್ಶನಗಳು ಬದಲಾಗುತ್ತಾ ಇರುತ್ತವೆ. ಯಾರೋ ಹೋಗಿ ಬಂದು ಹೇಳಿದ್ದು ನೀವು ಹೋಗುವಾಗ ಇರುತ್ತದೆ ಅಂತ ನಂಬಿ ಟಿಕೆಟ್ ಮಾಡಬೇಡಿ, ಅವರ ವೆಬ್‌ಸೈಟ್ ನೋಡಿಯೇ ಹೊರಡಿ.

ಇನ್ನು ಉದ್ಘಾಟನೆಯ ಸಂಜೆಗೆ ಹೋಗಬೇಕಾ? ಹೋಗಿ, ಆದರೆ ಕೃತಿ ನೋಡಲಿಕ್ಕೆ ಅಂತಲ್ಲ. ಅಂಥ ದಿನ ಎಲ್ಲ ಊರಲ್ಲೂ ಅದೇ ಕತೆ: ಕೃತಿಗಳ ಮುಂದೆ ಜನರ ಬೆನ್ನೇ ಜಾಸ್ತಿ. ಆದರೆ ಕಲಾವಿದರು ಅಲ್ಲೇ ಇರುತ್ತಾರೆ, ಮಾತಿಗೂ ಸಿಗುತ್ತಾರೆ. ಯಕ್ಷಗಾನದ ಚೌಕಿಯಲ್ಲೇ, ಅಂದರೆ ವೇಷ ಕಟ್ಟುವ ಜಾಗದಲ್ಲೇ, ಬೆಳೆದ ಮಾವ ಒಬ್ಬ ಕಲಾವಿದೆಯ ಹತ್ತಿರ ಹೋಗಿ ಬಣ್ಣದ ಪದರ ಬಿರಿಯದ ಹಾಗೆ ಹೇಗೆ ಒಣಗಿಸಿದಿರಿ ಅಂತ ಕೇಳಿದರು. ಬಣ್ಣದ ವೇಷಕ್ಕೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುತ್ತಾರಲ್ಲ, ಅದು ಬಿರಿಯಬಾರದು ಎಂಬ ಚಿಂತೆ ಇವರಿಗೆ ಹಳೇದು. ಆಕೆ ಉಳಿದವರನ್ನೆಲ್ಲ ಬಿಟ್ಟು ಇವರ ಹತ್ತಿರವೇ ಮಾತಾಡುತ್ತಾ ನಿಂತರು. ಪದರದಿಂದ ಪದರಕ್ಕೆ ಎಷ್ಟು ಕಾಯಬೇಕು, ಅಂಟು ಎಷ್ಟು ತೆಳು ಇರಬೇಕು, ಎಲ್ಲ ಹೇಳಿದರು. ಗೋಡೆಯ ಬರಹದಲ್ಲಿ ಇದ್ಯಾವುದೂ ಇರಲಿಲ್ಲ.

ನೋಡುವ ಕೆಲಸವನ್ನು ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಇಟ್ಟುಕೊಳ್ಳಿ. ಹಳೇ ಫೋಟೋ, ಕಾಗದದ ಮೇಲಿನ ಚಿತ್ರ ಇರುವ ಕೋಣೆಗಳಲ್ಲಿ ಬೆಳಕು ಮಂದ. ಜಾಸ್ತಿ ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ, ಅದಕ್ಕೆ. ಒಳಗೆ ಹೋಗಿ ಎರಡು ನಿಮಿಷ ಸುಮ್ನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ. ವಿಡಿಯೋ ಕೃತಿ ಇದ್ದರೆ ಪಕ್ಕದ ಚೀಟಿಯಲ್ಲಿ ಅದು ಎಷ್ಟು ನಿಮಿಷದ್ದು ಅಂತ ನೋಡಿ ಕೂತುಕೊಳ್ಳಿ. ಮಧ್ಯದಲ್ಲಿ ಬಂದು ಅರ್ಧ ನೋಡಿ "ಎಂತದೂ ಅರ್ಥ ಆಗಲಿಲ್ಲ" ಅಂದರೆ ಅದು ಕಲಾವಿದರ ತಪ್ಪಲ್ಲ, ಅಲ್ವಾ? ಹಿರಿಯರಿಗೆ ಒಂದು ಶಾಲು ಇರಲಿ, ಕರಾವಳಿಯ ಮೈಗೆ ಆ ಏಸಿ ತುಸು ಜಾಸ್ತಿಯೇ.

ಅದೇ ರಸ್ತೆಯಲ್ಲಿ ಸರಕಾರಿ ಮ್ಯೂಸಿಯಂ ಮತ್ತು ವೆಂಕಟಪ್ಪ ಆರ್ಟ್ ಗ್ಯಾಲರಿ ಇವೆ. ತೆರೆದಿವೆಯಾ ಅಂತ ಮೊದಲೇ ವಿಚಾರಿಸಿ. ಗ್ಯಾಲರಿಯಲ್ಲಿ ಮೈಸೂರು ಆಸ್ಥಾನದ ಕೆ. ವೆಂಕಟಪ್ಪನವರ ಚಿತ್ರಗಳ ಜೊತೆ ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ಚಿತ್ರಗಳೂ ಇವೆ. ಮ್ಯೂಸಿಯಂನಲ್ಲಿ ಕ್ರಿ.ಶ. 949ರ ಆತಕೂರು ಶಾಸನ ಇದೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲು ಅದು. ಹೊಸ ಕಲೆ ನೋಡಲೆಂದೇ ಬಂದ ಅಕ್ಕನ ಮಗ ಸ್ಕೆಚ್ ಮಾಡಿಕೊಂಡದ್ದು ಆ ನಾಯಿಯನ್ನು! ಎನ್‌ಜಿಎಂಎ ಇರುವುದು ಮಾಣಿಕ್ಯವೇಲು ಮ್ಯಾನ್ಶನ್ ಎಂಬ ಹಳೇ ಬಂಗಲೆಯಲ್ಲಿ, 2009ರಲ್ಲಿ ಶುರುವಾದದ್ದು. ಅದಕ್ಕೆ ಭಾನುವಾರದ ಅರ್ಧ ದಿನ ಬೇಕು. ಒಂದೇ ದಿನದಲ್ಲಿ ಎಲ್ಲ ಮುಗಿಸುವ ಹಟ ಬೇಡ, ಕಾಲು ನೋವು ಬರುತ್ತದೆ ಅಷ್ಟೇ.

"ಕೊಚ್ಚಿಗೆ ಹೋದರೆ ಸಾಲದಾ" ಅಂತ ಕೇಳುವವರಿದ್ದಾರೆ. 2012ರ ಡಿಸೆಂಬರ್ 12ರಂದು ಶುರುವಾದ ಕೊಚ್ಚಿ ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನ, ದೊಡ್ಡದೇ. 2016ರ ಬಿನಾಲೆಗೆ ಮಂಗಳೂರಲ್ಲಿ ಹುಟ್ಟಿದ ಸುದರ್ಶನ ಶೆಟ್ಟಿ ಅವರೇ ಕ್ಯುರೇಟರ್. ಆದರೆ ಅದು ವರ್ಷ ವರ್ಷ ನಡೆಯುವಂಥದ್ದಲ್ಲ. ಮಳೆಗಾಲದಲ್ಲಿ ಶಾಲೆಗೆ ರಜೆ ಸಿಕ್ಕಿ ಮಕ್ಕಳನ್ನು ಎಲ್ಲಾದರೂ ಕರೆದುಕೊಂಡು ಹೋಗಬೇಕು ಅಂದರೆ ಬೆಂಗಳೂರೇ ಸೈ. ಚಿತ್ರ ಕೊಳ್ಳುವ ಮನಸ್ಸಿದ್ದವರು ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೊಂದಿಸಿಕೊಂಡು ಹೋಗಿ.

ವಾಪಸ್ ಟಿಕೆಟನ್ನು ಹೋಗುವ ಟಿಕೆಟಿನ ಜೊತೆಗೇ ಮಾಡಿಬಿಡಿ. ಭಾನುವಾರ ರಾತ್ರಿ ಕರಾವಳಿಗೆ ಮರಳುವವರ ನೂಕುನುಗ್ಗಲು ಇರುತ್ತದೆ. ರೈಲು ಸಿಗದಿದ್ದರೆ ಮಂಗಳೂರಿಗೆ ಬಸ್ಸು ಬೇಕಾದಷ್ಟು. ಅಲ್ಲಿಂದ ತಲಪಾಡಿ ದಾಟಿ ಊರಿಗೆ ಬರುವುದೇನೂ ಕಷ್ಟ ಇಲ್ಲ.